ರಕ್ತದೊತ್ತಡದ ಅಳತೆ: ಗಾಜಿನ ಕೊಳವೆಯಿಂದ ಕೈಫೋನಿನವರೆಗೆ

‘ಬಿ.ಪಿ. ಇದೆ’ ಎಂಬ ಮಾತು ಇಂದು ನಮ್ಮ ಮನೆಗಳಲ್ಲಿ ನೆಗಡಿಯಷ್ಟೇ ಸಾಮಾನ್ಯವಾಗಿದೆ. ಆದರೆ ಕಣ್ಣಿಗೆ ಕಾಣದ, ಬಹುಮಟ್ಟಿಗೆ ಮೈಗೂ ತಿಳಿಯದ ಈ ಒತ್ತಡವನ್ನು ಸರಿಯಾಗಿ ಅಳೆಯುವುದನ್ನು ಕಲಿಯಲು ಮನುಷ್ಯನಿಗೆ ಹೆಚ್ಚುಕಡಿಮೆ ಎರಡು ಶತಮಾನಗಳು ಹಿಡಿದವು. ಅಳೆಯುವ ಸಾಧನ ಬಂದ ಮೇಲೂ ಅದನ್ನು ನೆಚ್ಚಿಕೊಳ್ಳಲು ಪ್ರತಿ ತಲೆಮಾರೂ ಒಂದಷ್ಟು ಹಿಂಜರಿದಿದೆ.

ಮೊದಲು ಅಳೆದಾತ ವೈದ್ಯನಲ್ಲ, ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಹಿತ್ತಾಳೆಯ ನಳಿಕೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೇರಿತು. ಈ ಪ್ರಯೋಗದ ವಿವರವನ್ನು ಆತ ಪ್ರಕಟಿಸಿದ್ದು 1733ರಲ್ಲಿ. 1828ರಲ್ಲಿ ಫ್ರಾನ್ಸಿನ ಪ್ವಾಸೇ ಕೊಳವೆಗೆ ಪಾದರಸ ತುಂಬಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ ಎಂಟು ಅಡಿಯ ಕಂಬ ಗೇಣಳತೆಗೆ ಇಳಿಯಿತು. ಇಂದಿಗೂ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವುದು ಈ ಕಾರಣದಿಂದಲೇ.

ನಾಳವನ್ನು ಕೊಯ್ಯದೆ ಅಳೆಯುವ ತೋಳಿನ ಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ರೂಪಿಸಿದ. 1905ರಲ್ಲಿ ರಷ್ಯದ ಕೊರೊಟ್ಕೊವ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿ, ಮೇಲಿನ ಹಾಗೂ ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸಿದ. ನಾಡಿ ಹಿಡಿದು ರೋಗ ಹೇಳುತ್ತಿದ್ದ ಹಿರಿಯ ವೈದ್ಯರಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. ಯಂತ್ರ ಬಂದರೆ ಬೆರಳಿನ ಜಾಣ್ಮೆ ಮೊಂಡಾದೀತೆಂಬ ಅಳುಕು ಅವರದು.

ಅಂಕಿ ಕೈಗೆ ಬಂದರೂ ಅದರ ಅರ್ಥ ತಿಳಿಯಲು ಇನ್ನೂ ಕಾಲ ಹಿಡಿಯಿತು. ವಯಸ್ಸಾದಂತೆ ಒತ್ತಡ ಏರುವುದು ಸಹಜವೆಂದೇ ಅನೇಕರು ನಂಬಿದ್ದರು. 1944ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಡ 186/108 ಇತ್ತು. ಅದನ್ನು ಖಚಿತವಾಗಿ ಇಳಿಸಬಲ್ಲ ಮಾತ್ರೆ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು, 63ರ ವಯಸ್ಸಿನಲ್ಲಿ, ಮೆದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಪಟ್ಟಣದ 5,209 ಜನರನ್ನು ಸೇರಿಸಿಕೊಂಡು ಆರಂಭವಾದ ದೀರ್ಘ ಅಧ್ಯಯನ, ಏರಿದ ಒತ್ತಡಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು ಬಯಲು ಮಾಡಿತು.

ತರುವಾಯ ಪಟ್ಟಿಯನ್ನು ತಾನೇ ಉಬ್ಬಿಸಿ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಯಂತ್ರಗಳು ಮನೆಮನೆಗೆ ಬಂದವು. ಈಗ ಅವುಗಳಲ್ಲಿ ಹಲವು ಸ್ಮಾರ್ಟ್‌ಫೋನಿನ ಆ್ಯಪ್‌ಗೆ ಅಂಕಿಗಳನ್ನು ರವಾನಿಸುತ್ತವೆ. ನಮ್ಮ ದೇಶದಲ್ಲೂ 2017ರಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ರೋಗಿಗಳ ದಾಖಲೆಯನ್ನು ಆ್ಯಪ್‌ನಲ್ಲಿ ಇಡತೊಡಗಿದರು. ಆದರೆ ಎಲ್ಲ ಆ್ಯಪ್‌ಗಳನ್ನೂ ನಂಬುವಂತಿಲ್ಲ. ಪಟ್ಟಿಯಿಲ್ಲದೆ ಫೋನಿನಿಂದಲೇ ಒತ್ತಡ ಅಳೆಯುವುದಾಗಿ ಹೇಳಿಕೊಂಡ ಜನಪ್ರಿಯ ಆ್ಯಪ್ ಒಂದನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಹೆಚ್ಚು ಒತ್ತಡವಿದ್ದವರಲ್ಲಿ ಮುಕ್ಕಾಲುಪಾಲಿಗೂ ಮಿಕ್ಕಿ ಜನರಿಗೆ ಅದು ‘ಹೆಚ್ಚಿಲ್ಲ’ ಎಂದೇ ತೋರಿಸಿತೆಂದು 2016ರಲ್ಲಿ ವರದಿಯಾಯಿತು. ಅಳೆಯಬೇಕಾದದ್ದು ಪಟ್ಟಿ, ಫೋನು ಲೆಕ್ಕ ಬರೆಯುವ ಗುಮಾಸ್ತ ಮಾತ್ರ.

ಇನ್ನು ವಯಸ್ಸಿನ ಮಾತು. ನಾವು ಸುತ್ತಮುತ್ತ ಕಾಣುವಂತೆ, ಇಪ್ಪತ್ತೈದರ ತರುಣನಿಗೆ ಆ್ಯಪ್ ನೀರು ಕುಡಿದಷ್ಟು ಸುಲಭ, ಆದರೆ ತನಗೇಕೆ ಬಿ.ಪಿ. ಎಂಬ ಧೈರ್ಯ. ಎಪ್ಪತ್ತರ ಅಜ್ಜನಿಗೆ ಕಾಯಿಲೆಯ ಅರಿವುಂಟು, ಆದರೆ ಸಣ್ಣಕ್ಷರ ಕಾಣದು. ಏನೋ ಒತ್ತಿ ಏನೋ ಆದೀತೆಂಬ ಭಯ ಬೇರೆ. ಅಕ್ಷರ ದೊಡ್ಡದು ಮಾಡಿ, ಪಕ್ಕದಲ್ಲಿ ಕುಳಿತು ನಾಲ್ಕು ದಿನ ಹೇಳಿಕೊಟ್ಟರೆ, ದಿನಚರಿ ಬರೆಯುವ ಶಿಸ್ತಿನಿಂದ ಅದನ್ನು ನಡೆಸುವವರು ಹಿರಿಯರೇ. ನಡುವೆ ಸಿಕ್ಕಿದ ನಮ್ಮ ನಲವತ್ತು-ಐವತ್ತರವರಿಗೆ ಮಾತ್ರ ಫೋನೂ ಗೊತ್ತು, ಭಯವೂ ಗೊತ್ತು; ಬಿಡುವಿಲ್ಲವೆಂಬುದೊಂದೇ ನೆಪ.

ಊರು ಬಿಟ್ಟು ಬಂದ ನಮಗೆ ಇದು ಬರಿಯ ಕುತೂಹಲದ ಚರಿತ್ರೆಯಲ್ಲ. ಊರಿನಲ್ಲಿರುವ ತಂದೆತಾಯಿಯರು ಫೋನಿನಲ್ಲಿ ‘ಆರಾಮ ಇದ್ದೀವಿ’ ಎನ್ನುತ್ತಾರೆ. ಒತ್ತಡ ಏರಿದಾಗಲೂ ಅವರಿಗೆ ಹಾಗೆಯೇ ಅನ್ನಿಸುತ್ತಿರಬಹುದು. ಮುಂದಿನ ರಜೆಗೆ ಊರಿಗೆ ಹೋಗುವಾಗ ಸೀರೆ-ಪಂಚೆಯ ಜೊತೆಗೆ ಒಂದು ತೋಳುಪಟ್ಟಿಯ ಯಂತ್ರವನ್ನೂ ಒಯ್ಯೋಣ. ಅಳತೆಗೆ ಮುನ್ನ ಐದು ನಿಮಿಷ ಸುಮ್ಮನೆ ಕೂರಬೇಕೆಂಬುದನ್ನೂ ತಿಳಿಸೋಣ. ಅಂಕಿಯನ್ನು ಆ್ಯಪ್‌ಗೆ ಏರಿಸುವ ಕೆಲಸ ಮೊಮ್ಮಕ್ಕಳದಾಗಲಿ, ಔಷಧದ ನಿರ್ಧಾರ ವೈದ್ಯರದಾಗಲಿ. ಆ ನೆಪದಲ್ಲಿ ನಮ್ಮ ತೋಳಿಗೂ ಒಮ್ಮೆ ಪಟ್ಟಿ ಸುತ್ತಿ ನೋಡಿಕೊಳ್ಳೋಣ.