ಮೊದಲ ಲಾರಿ: ಎಂಜಿನ್ನಿಗಿಂತ ಮುಂಚೆ ಲೆಕ್ಕ

ಮೊದಲ ಸಲ ಡೀಸೆಲ್ ಲಾರಿ ಕೊಳ್ಳುವವರಿಗೆ ಬುದ್ಧಿಮಾತಿನ ಬರವಿಲ್ಲ. ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಟ್ಯಾಂಕಿಗೆ ನೀರು ಸೇರದಂತೆ ನೋಡಿಕೊಳ್ಳಿ, ಡೀಸೆಲ್ ಪೂರ್ತಿ ಬತ್ತಿಸಿ ಪೈಪಿಗೆ ಗಾಳಿ ಹಿಡಿಸಬೇಡಿ, ಟರ್ಬೊ ಗಾಡಿ ದೂರ ಓಡಿ ಬಂದಾಗ ನಿಂತ ಕೂಡಲೇ ಎಂಜಿನ್ ಆಫ್ ಮಾಡಬೇಡಿ ಎಂದು ಗ್ಯಾರೇಜಿನವರೂ ಹಳೆಯ ಡ್ರೈವರುಗಳೂ ಹೇಳುತ್ತಾರೆ. ಇವುಗಳಲ್ಲಿ ಒಂದೂ ತಪ್ಪಲ್ಲ. ಆದರೆ ನಮ್ಮ ದೇಶದ ಏಳು ದಶಕಗಳ ಲಾರಿ ಚರಿತ್ರೆಯನ್ನು ನೋಡಿದರೆ ಈ ಮಾತುಗಳು ಎರಡನೆಯ ಸಾಲಿಗೆ ಸರಿಯುತ್ತವೆ. ಒಂದೇ ಗಾಡಿಯ ಮಾಲೀಕನ ಎಂಜಿನ್ ಸಾಮಾನ್ಯವಾಗಿ ಕೆಟ್ಟದ್ದು ಅವನ ಲೆಕ್ಕ ಕೆಟ್ಟ ಮೇಲೆ. ಲೋಡು ಮತ್ತು ಕಂತಿನ ವಿಚಾರ ಬಿಟ್ಟು ಎಂಜಿನ್ನಿನ ಆರೈಕೆಯನ್ನಷ್ಟೇ ಕಲಿಸುವ ಸಲಹೆ ಅರ್ಧ ಸಲಹೆ.

ಇದಕ್ಕೆ ಕಾರಣ ಡೀಸೆಲ್ ಎಂಜಿನ್ನಿನ ಸ್ವಭಾವದಲ್ಲೇ ಇದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಯಂತ್ರಕ್ಕೆ ಕಿಡಿ ಬೇಕಿರಲಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಯೇ ಇಂಧನವನ್ನು ಹೊತ್ತಿಸುತ್ತಿತ್ತು. ಆ ಒತ್ತಡ ತಾಳಲು ದಪ್ಪನೆಯ, ಭಾರವಾದ ಎರಕ ಬೇಕು. ಹನಿ ಡೀಸೆಲ್ಲನ್ನು ಅಳೆದು ಸಿಂಪಡಿಸುವ ಪಂಪಿನ ಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. 1920ರ ದಶಕದಲ್ಲಿ ಲಾರಿಗೆ ಏರಿದ ಡೀಸೆಲ್ ಎಂಜಿನ್ ಅಲ್ಲಿ ನೆಲೆಯೂರಿದ್ದು, ಬಾಷ್ ಕಂಪನಿ 1927ರಿಂದ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ. ಹೀಗಾಗಿ ಡೀಸೆಲ್ ಲಾರಿ ಕೊಳ್ಳುವಾಗ ದುಬಾರಿ, ಓಡಿಸುವಾಗ ಅಗ್ಗ. ಮೊದಲು ಸುರಿದ ಹಣ ಸಾವಿರಾರು ಕಿಲೋಮೀಟರ್ ಓಡಿದ ಮೇಲಷ್ಟೇ ಹುಟ್ಟುತ್ತದೆ. ನಿಂತ ಲಾರಿ ಮಾಲೀಕನನ್ನು ತಿನ್ನುತ್ತದೆ.

ಭಾರತದಲ್ಲಿ ಎರಡನೆಯ ಮಹಾಯುದ್ಧದ ನಂತರ ಸೇನೆ ಮಾರಿದ ಹಳೆಯ ಟ್ರಕ್ಕುಗಳನ್ನು ಕೊಂಡು ಸಾಗಣೆಗೆ ಇಳಿದವರಿದ್ದರು. 1954ರಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿ ಡೈಮ್ಲರ್-ಬೆನ್ಜ್ ಜತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಟ್ರಕ್ಕು ತಯಾರಿಸತೊಡಗಿತು. ಮದ್ರಾಸಿನ ಅಶೋಕ್ ಮೋಟರ್ಸ್ ಮರುವರ್ಷ ಅಶೋಕ್ ಲೇಲ್ಯಾಂಡ್ ಆಯಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಇಂಜೆಕ್ಷನ್ ಪಂಪು, ನಾಝಲ್‌ಗಳನ್ನು ಮಾಡಿ ದೇಶದ ಲಾರಿಗಳಿಗೆ ಒದಗಿಸಿತು. ಗಮನಿಸಬೇಕಾದದ್ದು, ವಾಹನ ಸಾಲಕ್ಕೆ ಹೆಸರಾದ ಸುಂದರಂ ಫೈನಾನ್ಸ್ ಕೂಡ 1954ರದ್ದೇ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಬಳಿಕ ಸಣ್ಣ ಸಾಗಣೆದಾರರೂ ಬ್ಯಾಂಕ್ ಸಾಲದ ಆದ್ಯತಾ ವಲಯಕ್ಕೆ ಸೇರಿದರು. 1979ರಲ್ಲಿ ಹುಟ್ಟಿದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹಳೆಯ ಲಾರಿಗಳಿಗೂ ಸಾಲ ಕೊಟ್ಟು ಬೆಳೆಯಿತು. ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಕೊನೆಗೆ ಮಾಲೀಕನಾಗುವ ದಾರಿ ತೆರೆದದ್ದು ಸಾಲದಿಂದ. ಆ ದಾರಿಯಲ್ಲಿ ಬಂದವನಿಗೆ ಎಂಜಿನ್ ಗೊತ್ತಿತ್ತು. ಹೊಸದಾಗಿ ಎದುರಾದದ್ದು ಪ್ರತಿ ತಿಂಗಳ ಕಂತು.

ಕಂತು ಕಟ್ಟಲು ಬಾಡಿಗೆ ಬೇಕು. ಬಾಡಿಗೆ ದರ ಅವನ ಕೈಯಲ್ಲಿರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಪರ್ಮಿಟ್ ಸಿಗುವುದೇ ಕಷ್ಟ. ರೈಲ್ವೆಯ ವರಮಾನಕ್ಕೆ ಲಾರಿಗಳು ಕೈಹಾಕಬಾರದೆಂಬ ಎಣಿಕೆ ಅದರ ಹಿಂದಿತ್ತು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಬಂತು; 1988ರ ಕಾಯ್ದೆ ಪರ್ಮಿಟ್‌ನ ಬಾಗಿಲನ್ನು ಅಗಲವಾಗಿ ತೆರೆಯಿತು. ಗಾಡಿಗಳು ಹೆಚ್ಚಿದಂತೆ ಲೋಡು ಕೊಡಿಸುವ ಏಜೆಂಟನ ಮುಂದೆ ಸಾಲು ಬೆಳೆಯಿತು, ದರ ಇಳಿಯಿತು, ಇಳಿದ ದರವನ್ನು ತುಂಬಿಕೊಳ್ಳಲು ಮಾಲೀಕರು ಮಿತಿಮೀರಿ ಭಾರ ಹೇರಿದರು. ಭಾರ ಎಳೆಯಲಿ ಎಂದು ಪಂಪಿನ ಸೆಟ್ಟಿಂಗ್ ಏರಿಸಿದರೆ ಕಪ್ಪು ಹೊಗೆ, ಅತಿಯಾದ ಬಿಸಿ, ಸವೆದ ಕ್ಲಚ್ಚು, ಸಿಡಿದ ಟೈರು. ಇದು ದುರಾಸೆಯ ಫಲ ಎಂದು ವಾದಿಸುವವರಿದ್ದಾರೆ. ದುರಾಸೆ ಇರಲಿಲ್ಲವೆಂದಲ್ಲ. ಆದರೆ ಪಕ್ಕದವನು 15 ಟನ್ ಹೇರಿ ಟನ್ನಿಗೆ ಇಷ್ಟು ಎಂದು ಒಪ್ಪಿಕೊಂಡಾಗ 9 ಟನ್ ಹೇರುವವನಿಗೆ ಅದೇ ದರದಲ್ಲಿ ಕಂತು ಹೊರಡುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2ರಿಂದ 18.5 ಟನ್ನಿಗೆ ಏರಿಸಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, ಮಿತಿ ಮೀರಿದರೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ವಿಧಿಸಿತು. ಮಿತಿ ಎಲ್ಲಿಟ್ಟರೂ ದರ ಅದರ ಸುತ್ತಲೇ ಕೂರುತ್ತದೆ. ಒಂಟಿ ಗಾಡಿಯವನು ಆ ದರವನ್ನು ಒಪ್ಪಬಲ್ಲ, ನಿಗದಿ ಮಾಡಲಾರ.

ಒಂದೇ ಲಾರಿಯಿಂದ ದೊಡ್ಡ ಸಂಸ್ಥೆ ಕಟ್ಟಿದವರಿಲ್ಲವೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಉದಾಹರಣೆ ಇದೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಆರಂಭಿಸಿದ್ದು ಇಂದಿನ ವಿಆರ್‌ಎಲ್. ಆದರೆ ಆ ಬೆಳವಣಿಗೆ ನಿಂತದ್ದು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ನಡುವೆ ಸರಕನ್ನು ತಾವೇ ಬುಕ್ ಮಾಡಿ ಸಾಗಿಸುವ ಸೇವೆಯ ಮೇಲೆ. ಏಜೆಂಟನ ಬಾಗಿಲಲ್ಲಿ ಕಾಯುವ ಲಾರಿಗೂ ತನ್ನದೇ ಗಿರಾಕಿಗಳಿರುವ ಲಾರಿಗೂ ಎಂಜಿನ್ ಒಂದೇ, ಲೆಕ್ಕ ಬೇರೆ. ಹಾಗಾಗಿ ಈ ಉದಾಹರಣೆ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಪುಷ್ಟಿಗೊಳಿಸುತ್ತದೆ.

ಇನ್ನೊಂದು ಆಕ್ಷೇಪ ಇಂದಿನದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಹೊಗೆ ಮಿತಿಯ ಗಾಡಿಗಳಲ್ಲಿ ಸೆನ್ಸರುಗಳಿವೆ, ಹೊಗೆಯ ಮಸಿ ಹಿಡಿಯುವ ಫಿಲ್ಟರಿದೆ. ಬಹುತೇಕ ದೊಡ್ಡ ಲಾರಿಗಳಿಗೆ ಯೂರಿಯಾ ದ್ರಾವಣವನ್ನೂ ತುಂಬಬೇಕು, ಅದು ಮುಗಿದರೆ ಎಂಜಿನ್ನಿನ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಸ್ಪ್ಯಾನರ್ ಹಿಡಿದು ಕಲಿತದ್ದು ಇಲ್ಲಿ ಸಾಲದು, ಈಗಲಾದರೂ ಎಂಜಿನ್ನಿನ ಪಾಠವೇ ಮೊದಲಾಗಬೇಕು ಎನ್ನಬಹುದು. ಆದರೆ ಆ ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟು ಹೋಗಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಲಾರಿಗೆ ಅದು ಸುಲಭ. ಊರೊಳಗೆ ನಿಂತು ನಿಂತು ಸಾಗುವ ಗಾಡಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅಂದರೆ ಹೊಸ ತಂತ್ರಜ್ಞಾನವೂ ಕೇಳುವುದು ಹಳೆಯ ಪ್ರಶ್ನೆಯನ್ನೇ: ಈ ಗಾಡಿಗೆ ಎಂಥ ಕೆಲಸ ಸಿಗಲಿದೆ?

ಆದ್ದರಿಂದ ಹೊಸ ಮಾಲೀಕರಿಗೆ ಈ ಚರಿತ್ರೆ ಕೊಡುವ ಸಲಹೆ ಪ್ರಶ್ನೆಗಳ ಕ್ರಮಕ್ಕೆ ಸಂಬಂಧಿಸಿದ್ದು. ಯಾವ ಸರಕು, ಯಾವ ದಾರಿ, ಮರಳಿ ಬರುವಾಗ ಲೋಡು ಉಂಟೋ ಇಲ್ಲವೋ ಎಂಬುದು ಮೊದಲು ತಿಳಿಯಬೇಕು. ಕಾನೂನಿನ ಮಿತಿಯಲ್ಲಿ ಹೇರಿ, ಒಂದು ತಿಂಗಳು ಗಾಡಿ ನಿಂತರೂ ಕಂತು ಕಟ್ಟಲು ಸಾಧ್ಯವೇ ಎಂಬುದು ಆಮೇಲೆ. ಯಾವ ಕಂಪನಿಯ ಗಾಡಿ, ಎಷ್ಟು ಚಕ್ರ ಎಂಬುದು ಮೂರನೆಯದು. ಮೊದಲ ಎರಡಕ್ಕೆ ಉತ್ತರ ಸಿಕ್ಕವರ ಕೈಯಲ್ಲಿ ಫಿಲ್ಟರ್ ಬದಲಿಸಲು ಹಣವೂ ಇರುತ್ತದೆ, ಬಿಡುವೂ ಇರುತ್ತದೆ.