ಮಾಗಿಯಲ್ಲಿ ನಯಾಗರ

ನಯಾಗರ ಜಲಪಾತವನ್ನು ನೋಡುವುದಾದರೆ ಬೇಸಗೆಯಲ್ಲಿ ನೋಡಬೇಕು ಎಂಬುದು ಲೋಕರೂಢಿಯ ಮಾತು. ಪ್ರವಾಸದ ಕೈಪಿಡಿಗಳು ಹಾಗೆನ್ನುತ್ತವೆ. ಹೋಗಿ ಬಂದವರಲ್ಲಿ ಹೆಚ್ಚಿನವರೂ ಹಾಗೆಯೇ ಹೇಳುತ್ತಾರೆ. ಆದರೆ ಆ ಜಲಪಾತವನ್ನು ಕಣ್ಣಾರೆ ಕಂಡು, ಕಂಡದ್ದನ್ನು ಅಚ್ಚಿನಲ್ಲಿ ಲೋಕಕ್ಕೆ ತಿಳಿಸಿದ ಮೊದಲ ಯೂರೋಪಿಯನ್ನನು ಅಲ್ಲಿಗೆ ಹೋದದ್ದು ಡಿಸೆಂಬರಿನ ಹಿಮದಲ್ಲಿ. ಲೂಯಿ ಹೆನೆಪಿನ್ ಎಂಬ ಆ ಪಾದ್ರಿಗೆ ಕಾಲವನ್ನು ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ೧೬೭೮ರಲ್ಲಿ ಫ್ರೆಂಚ್ ಸಾಹಸಿ ಲಾ ಸಾಲನು, ಜಲಪಾತದಿಂದ ಮೇಲಿರುವ ಮಹಾಸರೋವರಗಳಲ್ಲಿ ತುಪ್ಪುಳದ ವ್ಯಾಪಾರ ನಡೆಸುವುದಕ್ಕೆ ಒಂದು ಹಡಗು ಬೇಕೆಂದು ನಿಶ್ಚಯಿಸಿದನು. ಕೆಳಗಿನಿಂದ ಹಡಗನ್ನು ಏರಿಸುವುದು ಜಲಪಾತದ ದೆಸೆಯಿಂದ ಅಸಾಧ್ಯ, ಮೇಲೆಯೇ ಕಟ್ಟಬೇಕು. ಆ ಕೆಲಸಕ್ಕಾಗಿ ಮುಂದಾಗಿ ಹೊರಟ ತಂಡದಲ್ಲಿ ಹೆನೆಪಿನ್ ಇದ್ದನು. ಅವರು ನದಿಯ ಮುಖವನ್ನು ಮುಟ್ಟಿದ್ದು ಡಿಸೆಂಬರ್ ೬ರಂದು. ಬೀಡು ಬಿಡಲು ಹಿಮವನ್ನು ತೋಡಿ ತೆಗೆದು, ಅಲ್ಲಿ ಬೆಂಕಿ ಹಾಕಿಕೊಳ್ಳಬೇಕಾಯಿತು.

ಹೀಗೆ ನಡುಗುತ್ತ ನೋಡಿದವನು ಊರಿಗೆ ಮರಳಿ ಬರೆದದ್ದೇನು? ೧೬೮೩ರ ತನ್ನ ಪುಸ್ತಕದಲ್ಲಿ ಜಲಪಾತದ ಎತ್ತರ ೫೦೦ ಅಡಿ ಎಂದನು. ೧೬೯೭ರ ಪುಸ್ತಕದಲ್ಲಿ ಅದು ೬೦೦ ಅಡಿಗೆ ಬೆಳೆಯಿತು. ನಿಜವಾದ ಎತ್ತರ ಇನ್ನೂರು ಅಡಿಯನ್ನೂ ಮುಟ್ಟುವುದಿಲ್ಲ. ನಮ್ಮ ಜೋಗದ ೮೩೦ ಅಡಿಯ ಮುಂದೆ ಅದು ಕಾಲುಭಾಗಕ್ಕೂ ಕಡಿಮೆ. ಆದರೆ ಪಾದ್ರಿಯನ್ನು ಸುಳ್ಳುಗಾರನೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಎಲೆ ಉದುರಿದ ಕಾಡು, ಬಿಳಿಯ ನೆಲ, ಕಮರಿಯಿಂದ ಮೇಲೇಳುವ ಹಬೆ, ಕಿವಿ ಕಿವುಡಾಗುವ ಮೊರೆತ. ಅಳತೆಗೋಲಿಲ್ಲದವನ ಕಣ್ಣಿಗೆ ಅಂಥಲ್ಲಿ ಯಾವುದು ಎಷ್ಟೆಂದು ತಿಳಿದೀತು? ಅವರು ಆ ಚಳಿಗಾಲದಲ್ಲಿ ಕಟ್ಟತೊಡಗಿದ ‘ಗ್ರಿಫನ್’ ಹಡಗು ೧೬೭೯ರ ಆಗಸ್ಟಿನಲ್ಲಿ ಯಾನ ಹೊರಟಿತು. ತುಪ್ಪುಳ ಹೇರಿಕೊಂಡು ಹಿಂದಿರುಗುವಾಗ ಆ ವರ್ಷವೇ ಸರೋವರದಲ್ಲಿ ಕಾಣೆಯಾಯಿತು.

ಈಗ ಟೊರಾಂಟೊ ಕಡೆಯಲ್ಲಿ ನೆಲೆಸಿರುವ ಮಕ್ಕಳ ಮನೆಗೆಂದು ಹೋಗುವ ನಮ್ಮ ನಾಡಿನ ತಂದೆತಾಯಿಗಳಿಗೂ ಈ ಕಾಲದ ತೊಡಕು ಬರುವುದುಂಟು. ಮಗನಿಗೆ ರಜೆ ದೊರೆಯುವುದು ಕ್ರಿಸ್‌ಮಸ್ಸಿನ ವಾರದಲ್ಲಿ. ಜಲಪಾತ ಇರುವುದು ರಸ್ತೆಯಲ್ಲಿ ಸುಮಾರು ೮೦ ಮೈಲಿ ದೂರದಲ್ಲಿ. ಇಷ್ಟು ದೂರ ಬಂದು ನಯಾಗರವನ್ನು ನೋಡದೆ ಹೋದರೆಂದರೆ ಊರಿನಲ್ಲಿ ಯಾರು ತಾನೆ ನಂಬುತ್ತಾರೆ! ಹೋಗಬೇಕೆಂದಾದ ಮೇಲೆ, ಆ ನೀರು ಚಳಿಗಾಲದಲ್ಲಿ ಏನೇನು ಮಾಡಿದೆ ಎಂಬುದನ್ನು ತಿಳಿದಿರುವುದು ಉಣ್ಣೆಯ ಅಂಗಿಯಷ್ಟೇ ಅವಶ್ಯಕ.

ನಯಾಗರ ನದಿ ಉದ್ದದಲ್ಲಿ ಕೇವಲ ೩೬ ಮೈಲಿ. ಏರಿ ಸರೋವರದಲ್ಲಿ ಹೊರಟು, ಉತ್ತರಾಭಿಮುಖವಾಗಿ ಹರಿದು, ಒಂಟಾರಿಯೊ ಸರೋವರವನ್ನು ಸೇರುತ್ತದೆ. ಒಂದು ದಡ ಅಮೆರಿಕದ್ದು, ಇನ್ನೊಂದು ಕೆನಡಾದ್ದು. ನಡುವಿನ ಗೋಟ್ ದ್ವೀಪವು ನೀರನ್ನು ಸೀಳಿ, ಕೆನಡಾದ ಕಡೆಗೆ ಕುದುರೆಲಾಳದ ಆಕಾರದ ದೊಡ್ಡ ಪ್ರಪಾತವನ್ನೂ, ಅಮೆರಿಕದ ಕಡೆಗೆ ಚಿಕ್ಕದನ್ನೂ ಮಾಡಿದೆ. ಚಿಕ್ಕದರ ಪಾಲಿಗೆ ಬರುವುದು ನೀರಿನ ಹತ್ತನೆಯ ಒಂದು ಭಾಗ ಮಾತ್ರ. ಆದ್ದರಿಂದಲೇ ಕಡು ಚಳಿ ಬಿದ್ದಾಗ ಹೆಪ್ಪುಗಟ್ಟುವುದು ಅದೇ; ೧೯೩೬ರಲ್ಲಿ ಹಾಗೆ ಆಯಿತು. ಲಾಳದ ಪ್ರಪಾತ ಅಂಚಿನಲ್ಲಿ ಎಷ್ಟೇ ಮಂಜುಗಡ್ಡೆ ತೊಟ್ಟರೂ ಒಳಗೊಳಗೆ ಧುಮುಕುತ್ತಲೇ ಇರುತ್ತದೆ. ‘ನಯಾಗರ ಹೆಪ್ಪುಗಟ್ಟಿತು’ ಎಂದು ಆಗಾಗ ಪತ್ರಿಕೆಗಳಲ್ಲಿ ಬರುವ ಚಿತ್ರಗಳನ್ನು ಈ ತಿಳಿವಳಿಕೆಯಿಂದ ನೋಡಬೇಕು.

ಇನ್ನು ಏರಿ ಸರೋವರದ ಸ್ವಭಾವ. ಐದು ಮಹಾಸರೋವರಗಳಲ್ಲಿ ಅದೇ ಆಳ ಕಡಿಮೆಯದು. ಆದ್ದರಿಂದ ಬೇಗ ಹೆಪ್ಪುಗಟ್ಟುತ್ತದೆ. ಪಶ್ಚಿಮದ ಗಾಳಿ ಬೀಸಿತೆಂದರೆ ಮುರಿದ ಮಂಜುಗಡ್ಡೆಯೆಲ್ಲ ಮೂಡಣ ತುದಿಯ ಬಫೆಲೊ ಪಟ್ಟಣದ ಕಡೆಗೆ, ಅಂದರೆ ನದಿಯ ಬಾಯಿಗೇ ಬಂದು ನೂಕುತ್ತದೆ. ಬಾಯಿ ಕಟ್ಟಿಕೊಂಡರೆ ನದಿಯ ಗತಿಯೇನು? ೧೮೪೮ರಲ್ಲಿ ಅದೂ ನಡೆದುಹೋಯಿತು.

ಆ ವರ್ಷದ ಚಳಿಗಾಲವೇ ವಿಚಿತ್ರವಾದುದು. ಜನವರಿಯಲ್ಲಿ ಚಾರ್ಲ್ಸ್ ಎಲೆಟ್ ಎಂಬ ಇಂಜಿನಿಯರನು ಜಲಪಾತದಿಂದ ಕೆಳಗಡೆ ಕಮರಿಗೆ ತೂಗುಸೇತುವೆ ಕಟ್ಟಲು ತೊಡಗಿದ್ದನು. ೮೦೦ ಅಡಿ ಅಗಲದ ಕಮರಿ. ಕೆಳಗೆ ದೋಣಿ ನಿಲ್ಲದ ಸೆಳವು. ಮೊದಲ ಎಳೆಯನ್ನು ದಾಟಿಸುವುದು ಹೇಗೆ? ಗಾಳಿಪಟದಿಂದ ದಾರ ದಾಟಿಸಿದವನಿಗೆ ೫ ಡಾಲರು ಬಹುಮಾನವೆಂದು ಸಾರಿದರು. ಹೋಮನ್ ವಾಲ್ಶ್ ಎಂಬ ಹುಡುಗ, ಗಾಳಿ ಅನುಕೂಲವಾಗಿದ್ದ ಕೆನಡಾದ ದಡಕ್ಕೆ ದೋಣಿಯಲ್ಲಿ ಹೋಗಿ ಪಟ ಹಾರಿಸಿದನು. ಪಟ ದಾಟಿತು; ಆದರೆ ದಾರವು ಮಂಜುಗಡ್ಡೆಯ ಅಂಚಿಗೆ ತಾಗಿ ಕಡಿಯಿತು. ಮರಳೋಣವೆಂದರೆ ನದಿಯ ತುಂಬ ಮಂಜುಗಡ್ಡೆ, ದೋಣಿಯ ಸಂಚಾರವೇ ನಿಂತಿದೆ. ಹುಡುಗ ಎಂಟು ದಿನ ಪರದೇಶದಲ್ಲಿ ಸಿಕ್ಕಿಬಿದ್ದನು. ಆಮೇಲೆ ತನ್ನ ದಡಕ್ಕೆ ಬಂದು, ಪಟವನ್ನು ಹುಡುಕಿ, ರಿಪೇರಿ ಮಾಡಿ, ಮತ್ತೆ ಆಚೆ ಹೋಗಿ ಹಾರಿಸಿ ಗೆದ್ದನು. ಆ ದಾರದ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ, ಹಗ್ಗದ ಹಿಂದೆ ತಂತಿ ಹೋಗಿ, ಆ ವರ್ಷವೇ ಜನ ಕಮರಿಯ ಮೇಲೆ ನಡೆದರು.

ಅದಾಗಿ ಎರಡು ತಿಂಗಳಿಗೆ, ಮಾರ್ಚ್ ೨೯ರ ರಾತ್ರಿ, ಜಲಪಾತದ ಬಳಿಯ ಜನ ನಿದ್ದೆಯಿಂದ ಎಚ್ಚತ್ತರು. ಸದ್ದಿಗೆ ಎಚ್ಚರವಾಗುವುದು ಎಲ್ಲೆಡೆ ಉಂಟು. ಇವರಿಗೆ ಎಚ್ಚರವಾದದ್ದು ಸದ್ದು ನಿಂತದ್ದರಿಂದ. ಹುಟ್ಟಿದಂದಿನಿಂದ ಕಿವಿಯಲ್ಲಿದ್ದ ಮೊರೆತ ಇಲ್ಲ. ಬೆಳಗಾಗಿ ನೋಡಿದರೆ ನದಿಯ ತಳ ಬರಿದಾಗಿದೆ. ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿಯ ನೀರು. ಗಿರಣಿಗಳ ಚಕ್ರಗಳು ನಿಂತವು. ಪ್ರಳಯ ಬಂತೆಂದು ಹೆದರಿದವರು ಇಗರ್ಜಿಗಳಿಗೆ ಓಡಿ ಪ್ರಾರ್ಥನೆಗೆ ಕುಳಿತರು. ಧೈರ್ಯವಿದ್ದವರು ನದಿಯ ತಳಕ್ಕಿಳಿದು ೧೮೧೨ರ ಯುದ್ಧದ ಕಾಲದ ಬಂದೂಕು, ಸನೀನುಗಳನ್ನು ಹೆಕ್ಕಿಕೊಂಡರು. ಸೈನ್ಯದ ಸವಾರರ ತುಕಡಿಯೊಂದು ಕುದುರೆಗಳ ಮೇಲೆ ಅಲ್ಲಿ ಮೆರೆದಾಡಿತು. ‘ಮೇಡ್ ಆಫ್ ದಿ ಮಿಸ್ಟ್’ ಎಂಬ ದೋಣಿಯವರು ಮಾತ್ರ ಎಲ್ಲರಿಗಿಂತ ಜಾಣರು: ಎಂದಿನಿಂದಲೋ ತಮ್ಮ ದೋಣಿಗೆ ಅಡ್ಡವಾಗಿದ್ದ ಬಂಡೆಗಳನ್ನು ಇದೇ ಸಮಯವೆಂದು ಮದ್ದಿಟ್ಟು ಸಿಡಿಸಿದರು. ಬಫೆಲೊದಲ್ಲಿ ಮಂಜುಗಡ್ಡೆ ನದಿಯ ಬಾಯಿಯನ್ನು ಕಟ್ಟಿದೆಯೆಂಬ ಸುದ್ದಿ ಆಮೇಲೆ ಬಂತು. ೩೧ರ ರಾತ್ರಿ ಆ ಒಡ್ಡು ಒಡೆಯಿತು. ನೀರು ಗೋಡೆಯಂತೆ ಎದ್ದು ಬಂದು, ಮೊರೆತ ಮರಳಿತು. ಜನ ಮತ್ತೆ ನಿದ್ದೆಹೋದರು.

ಮಂಜುಗಡ್ಡೆ ಮೇಲೆ ತಡೆದಾಗ ಹೀಗೆ. ತಡೆಯದೆ ಕೆಳಗಿಳಿದಾಗ ಇನ್ನೊಂದು ಬಗೆ. ಪ್ರಪಾತದಿಂದ ಬಿದ್ದ ಗಡ್ಡೆಗಳು ಕಮರಿಯಲ್ಲಿ ಒತ್ತಾಗಿ ಸಿಕ್ಕಿಕೊಂಡು, ತುಂತುರಿನಿಂದ ಬೆಸೆದು, ದಡದಿಂದ ದಡಕ್ಕೆ ಸೇತುವೆಯಂತೆ ಕೂಡಿಕೊಳ್ಳುತ್ತಿದ್ದವು. ಕೆಲವೆಡೆ ಅದರ ದಪ್ಪ ನಲವತ್ತು ಐವತ್ತು ಅಡಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದೇ ಚಳಿಗಾಲದ ದೊಡ್ಡ ಜಾತ್ರೆಯಾಯಿತು. ರೈಲುಗಳಲ್ಲಿ ಸಾವಿರಾರು ಜನ ಬಂದು ಮಂಜಿನ ಸೇತುವೆಯ ಮೇಲೆ ನಡೆದಾಡುವರು. ಗಡ್ಡೆಯ ಮೇಲೆಯೇ ಗುಡಿಸಲು ಹಾಕಿ ಕಾಫಿ, ಮದ್ಯ ಮಾರುವವರೂ ಫೋಟೊ ಹಿಡಿಯುವವರೂ ಇರುವರು. ಅಮೆರಿಕದ ಪ್ರಪಾತದ ಬುಡದಲ್ಲಿ ಏಳುವ ಮಂಜಿನ ಗುಡ್ಡದಿಂದ ಮಕ್ಕಳು ಜಾರುಬಂಡಿಯಲ್ಲಿ ಜಾರುವರು. ಕಾಲಡಿ ನದಿ ಹರಿಯುತ್ತಿದೆಯೆಂಬುದನ್ನು ನೆನೆಯುವವರು ಯಾರು?

೧೯೧೨ರ ಫೆಬ್ರವರಿ ೪, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಸೇತುವೆ ದಡ ಬಿಟ್ಟು ಅಲುಗಿತು. ನದಿಯ ಮರ್ಮ ಬಲ್ಲವನಾದ ವಿಲಿಯಂ ‘ರೆಡ್’ ಹಿಲ್ ಕೂಗಿ ಎಚ್ಚರಿಸಿ, ಗಡ್ಡೆಯ ಮೇಲಿದ್ದವರನ್ನು ದಡ ಹತ್ತಿಸಿದನು. ನಾಲ್ವರು ಉಳಿದರು: ಟೊರಾಂಟೊದ ಒಂದು ದಂಪತಿ, ಕ್ಲೀವ್‌ಲೆಂಡಿನಿಂದ ನೋಡಲು ಬಂದಿದ್ದ ಇಬ್ಬರು ಹುಡುಗರು. ಹುಡುಗರಲ್ಲಿ ಒಬ್ಬನು ಪಾರಾದನು. ಇನ್ನೊಬ್ಬನಿಗೆ ಹದಿನೇಳು ವರ್ಷ. ಅವನೂ ದಡದ ಕಡೆಗೇ ಓಡುತ್ತಿದ್ದನು; ಆ ಹೆಂಗಸು ಕುಸಿದು ಬಿದ್ದದ್ದನ್ನೂ, ಎತ್ತಲಾರದೆ ಗಂಡ ಕೂಗುತ್ತಿದ್ದದ್ದನ್ನೂ ಕೇಳಿ ಹಿಂದಿರುಗಿದನು. ಅಷ್ಟರಲ್ಲಿ ಗಡ್ಡೆ ಬಿರಿಯಿತು. ಹುಡುಗ ಒಂದು ತುಂಡಿನ ಮೇಲೆ, ದಂಪತಿ ಇನ್ನೊಂದರ ಮೇಲೆ, ಸುಳಿಯ ಕಡೆಗೆ ಸಾಗಿದರು. ಕೆಳಗಣ ಸೇತುವೆಗಳಿಂದ ಹಗ್ಗಗಳನ್ನು ಇಳಿಬಿಟ್ಟರು. ಹುಡುಗ ಹಗ್ಗ ಹಿಡಿದನು, ಮೇಲಿದ್ದವರು ಎಳೆಯತೊಡಗಿದರು. ಕೊರೆಯುವ ಚಳಿಯಲ್ಲಿ ಬೆರಳುಗಳು ಮರಗಟ್ಟಿದ್ದವು. ಹಿಡಿತ ಸಡಿಲಿ ನೀರಿಗೆ ಬಿದ್ದನು. ದಂಪತಿಯ ಕೈಗೂ ಹಗ್ಗ ಸಿಕ್ಕಿತು. ಗಂಡನು ಅದನ್ನು ಹೆಂಡತಿಗೆ ಕಟ್ಟಲು ಹೆಣಗಿದನು, ಆದರೆ ಹಗ್ಗ ನಡೆಯಲಿಲ್ಲ. ದಡದಲ್ಲಿ ನೆರೆದಿದ್ದವರು ಕೊನೆಗೆ ಕಂಡದ್ದು, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಮೊಣಕಾಲೂರಿದ್ದುದನ್ನು. ಅಂದಿನಿಂದ ಮಂಜಿನ ಸೇತುವೆಯ ಮೇಲೆ ಕಾಲಿಡುವುದು ನಿಷಿದ್ಧವಾಯಿತು. ಗುಡಿಸಲುಗಳೂ ಹೋದವು.

ಮನುಷ್ಯರು ಕಟ್ಟಿದ ಸೇತುವೆಯನ್ನೂ ಮಂಜುಗಡ್ಡೆ ಬಿಡಲಿಲ್ಲ. ಜಲಪಾತದ ಎದುರಿಗೆ ೧೮೯೮ರಲ್ಲಿ ಕಟ್ಟಿದ ಉಕ್ಕಿನ ಕಮಾನು ಸೇತುವೆಗೆ ನವದಂಪತಿಗಳ ಸಂದಣಿಯಿಂದ ‘ಹನಿಮೂನ್ ಸೇತುವೆ’ ಎಂದು ಹೆಸರು ಬಿದ್ದಿತ್ತು. ಅದರ ಬುಡಗಳು ನೀರಿಗೆ ತೀರ ಹತ್ತಿರ. ೧೯೩೮ರ ಜನವರಿಯಲ್ಲಿ ಬಿರುಗಾಳಿಗೆ ಏರಿಯ ಮಂಜುಗಡ್ಡೆ ಒಮ್ಮೆಗೇ ಕಮರಿಗೆ ಬಿದ್ದು, ಬುಡದ ಉಕ್ಕನ್ನು ಒತ್ತಿ ತಿರುಚಿತು. ಸಂಚಾರವನ್ನು ಮೊದಲೇ ನಿಲ್ಲಿಸಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ. ೨೭ರ ಸಂಜೆ, ಕಾದು ನಿಂತಿದ್ದ ಜನರ ಕಣ್ಣೆದುರಿಗೇ ಸೇತುವೆ ಮಗುಚಿತು. ಅದರ ಅವಶೇಷ ಮಂಜುಗಡ್ಡೆಯ ಮೇಲೆ ಏಪ್ರಿಲಿನವರೆಗೂ ಬಿದ್ದಿದ್ದು, ಕರಗಿದಾಗ ಮುಳುಗಿತು. ೧೯೪೧ರಲ್ಲಿ ತೆರೆದ ರೇನ್‌ಬೋ ಸೇತುವೆಯ ಬುಡಗಳನ್ನು ನೀರಿನಿಂದ ಬಹಳ ಮೇಲೆ ಇಟ್ಟಿದ್ದಾರೆ.

ಈಗಿನ ಚಳಿಗಾಲದ ಪ್ರವಾಸಿ ನೋಡುವುದು ಈ ಹಳೆಯ ನಯಾಗರವನ್ನಲ್ಲ. ೧೯೫೦ರ ಫೆಬ್ರವರಿಯಲ್ಲಿ ಎರಡು ದೇಶಗಳು ಮಾಡಿಕೊಂಡ ಒಪ್ಪಂದದಂತೆ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಹಗಲಿನಲ್ಲಿ ಸೆಕೆಂಡಿಗೆ ೧,೦೦,೦೦೦ ಘನ ಅಡಿ ನೀರನ್ನು ಜಲಪಾತಕ್ಕೆ ಬಿಡಬೇಕು. ರಾತ್ರಿಯಲ್ಲಿಯೂ ಇಡೀ ಚಳಿಗಾಲದಲ್ಲಿಯೂ ೫೦,೦೦೦ ಸಾಕು. ನದಿಯ ಸಹಜವಾದ ನೀರು ಸುಮಾರು ೨,೦೦,೦೦೦ ಘನ ಅಡಿ. ಎಂದರೆ ಡಿಸೆಂಬರಿನಲ್ಲಿ ಹೋದವನಿಗೆ ಕಾಣುವುದು ನದಿಯ ಕಾಲುಭಾಗ. ಮಿಕ್ಕದ್ದು ಸುರಂಗಗಳಲ್ಲಿ ಹರಿದು ವಿದ್ಯುತ್ತಾಗುತ್ತದೆ. ಮಳೆಗಾಲ ಮುಗಿದ ಮೇಲೆ ಜೋಗಕ್ಕೆ ಹೋಗಿ ಬಂಡೆಯನ್ನು ನೋಡಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಯಾಗರದ ವಿದ್ಯುತ್ತು ಬಫೆಲೊವನ್ನು ಮುಟ್ಟಿದ್ದು ೧೮೯೬ರಲ್ಲಿ. ಆರು ವರ್ಷಕ್ಕೆ, ೧೯೦೨ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತಕ್ಕೂ ಹೆಚ್ಚು ಮೈಲಿ ತಂತಿ ಎಳೆದು ವಿದ್ಯುತ್ತು ಒಯ್ದರು. ಆ ಯೋಜನೆಯನ್ನು ಮುಂದೆ ನಿಂತು ನಡೆಸಿದ ಮೈಸೂರಿನ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆನಡಾದ ಕ್ವಿಬೆಕ್ಕಿನ ಮನೆತನದವನು.

ವಿದ್ಯುತ್ತಿನ ಕಂಡಿಗಳಿಗೆ ಮಂಜುಗಡ್ಡೆ ಅಡರಬಾರದೆಂದು ೧೯೬೪ರಿಂದ ಏರಿ ಸರೋವರದ ಬಾಯಿಗೆ ಪ್ರತಿ ಚಳಿಗಾಲದಲ್ಲಿ ಒಂದೂವರೆ ಮೈಲಿಗೂ ಮೀರಿದ ತೇಲುಕಟ್ಟೆ ಹಾಕುತ್ತಾರೆ. ಮೊದಲು ಮರದ ದಿಮ್ಮಿಗಳು, ಈಚೆಗೆ ಉಕ್ಕಿನ ಕೊಳವೆಗಳು. ಅದರಿಂದ ಮಂಜಿನ ಸೇತುವೆಗಳು ಮೊದಲಿನಷ್ಟು ಬಲಿಯುವುದಿಲ್ಲ. ದೋಣಿಗಳೂ ಚಳಿಗಾಲದಲ್ಲಿ ಇಲ್ಲ. ಹಾಗಾದರೆ ಹೋಗಿ ನೋಡುವುದೇನು? ತುಂತುರು ತಾಗಿದ ಮರ, ಕಂಬಿ, ದೀಪದ ಕಂಬ ಎಲ್ಲವೂ ಗಾಜಿನ ತೊಗಟೆ ತೊಟ್ಟು ನಿಂತಿರುತ್ತವೆ. ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ. ಬೇಸಗೆಯ ಸಂದಣಿ ಇಲ್ಲದೆ ಕಂಬಿಯ ಹತ್ತಿರ ಬೇಕಾದಷ್ಟು ಹೊತ್ತು ನಿಲ್ಲಬಹುದು. ನನ್ನ ಎಣಿಕೆಯಲ್ಲಿ ಕಾಲುಭಾಗ ನೀರಿಗೆ ಇದು ನಷ್ಟದ ವ್ಯಾಪಾರವಲ್ಲ.

ದಾರಿಯೇ ಕಷ್ಟದ್ದು. ಏರಿ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಹಾಯ್ದ ತಣ್ಣನೆಯ ಗಾಳಿ ತೇವವನ್ನು ಹೀರಿ, ಬಫೆಲೊದ ಮೇಲೆ ಹಿಮವಾಗಿ ಸುರಿಯುತ್ತದೆ. ೨೦೨೨ರ ಡಿಸೆಂಬರ್ ೨೩ರಂದು ಎದ್ದ ಹಿಮದ ಬಿರುಗಾಳಿ ಆ ಪ್ರಾಂತದಲ್ಲಿ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಕೆಲವರು ತಮ್ಮ ಕಾರುಗಳಲ್ಲಿಯೇ ಸತ್ತರು. ಅದೇ ದಿನ ದಕ್ಷಿಣ ಕೊರಿಯದ ಒಂಬತ್ತು ಮಂದಿ ಪ್ರವಾಸಿಗಳು ನಯಾಗರವನ್ನು ನೋಡಲು ವ್ಯಾನಿನಲ್ಲಿ ಹೊರಟಿದ್ದರು. ಬಫೆಲೊದ ಹತ್ತಿರ ಗಾಡಿ ಹಳ್ಳಕ್ಕಿಳಿದು ಹೂತಿತು. ಹಿಮ ತೋಡಲು ಸಲಿಕೆ ಕೇಳೋಣವೆಂದು ಇಬ್ಬರು ಹತ್ತಿರದ ಮನೆಯ ಬಾಗಿಲು ತಟ್ಟಿದರು. ಆ ಮನೆಯ ದಂಪತಿ ಸಲಿಕೆ ಕೊಡಲಿಲ್ಲ. ಚಾಲಕನೂ ಸೇರಿ ಹತ್ತು ಮಂದಿಯನ್ನೂ ಒಳಗೆ ಕರೆದು, ಎರಡು ರಾತ್ರಿ ಇಟ್ಟುಕೊಂಡರು. ಆ ಮನೆಯವರಿಗೆ ಕೊರಿಯದ ಅಡಿಗೆಯೆಂದರೆ ಇಷ್ಟವಾಗಿದ್ದುದರಿಂದ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಮನೆಯಲ್ಲಿಯೇ ಇತ್ತು. ಅತಿಥಿಗಳು ತಾವೇ ಒಲೆಯ ಮುಂದೆ ನಿಂತು ಬೇಯಿಸಿ ಬಡಿಸಿದರು. ಭಾನುವಾರ, ಕ್ರಿಸ್‌ಮಸ್ಸಿನ ದಿನ, ರಸ್ತೆ ತೆರೆದ ಮೇಲೆ ಅವರನ್ನು ನ್ಯೂಯಾರ್ಕಿಗೆ ಕರೆದೊಯ್ಯಲು ಗಾಡಿಗಳು ಬಂದವು.