ಇಳಿದದ್ದನ್ನು ಹುಡುಕಿದ ಕಥೆ: ಕ್ಯಾಮೆರಾ ಹೊತ್ತ ಬಲೂನುಗಳ ಚರಿತ್ರೆ

ಮೂವತ್ತು ಕಿಲೋಮೀಟರ್ ಎತ್ತರದಿಂದ ತೆಗೆದ ಭೂಮಿಯ ಚಿತ್ರಗಳು ಈಗ ಅಪರೂಪವಲ್ಲ. ಒಂದು ರಬ್ಬರ್ ಹವಾಮಾನ ಬಲೂನು, ಕೆಳಗೊಂದು ಪ್ಯಾರಾಚೂಟ್, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಟ್ಟ ಕ್ಯಾಮೆರಾ, ಜೊತೆಗೆ ಜಿಪಿಎಸ್ ಮತ್ತು ರೇಡಿಯೊ ಇದ್ದರೆ ಕಾಲೇಜು ಹುಡುಗರೂ ಹಾಡಹಗಲಿನ ಕಪ್ಪು ಆಕಾಶವನ್ನು, ಬಾಗಿದ ದಿಗಂತವನ್ನು ಸೆರೆಹಿಡಿಯಬಲ್ಲರು. ಈ ಹವ್ಯಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಏರಿದ ಎತ್ತರವನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ಇದರ ಒಂದೂವರೆ ಶತಮಾನದ ಚರಿತ್ರೆ ಬೇರೊಂದು ಸಂಗತಿಯತ್ತ ಕೈತೋರುತ್ತದೆ. ಅನಿಲ ತುಂಬಿ ಬಿಟ್ಟ ಬಲೂನು ತಾನಾಗಿ ಏರುತ್ತದೆ, ಅದಕ್ಕೆ ಹೆಚ್ಚಿನ ಯೋಜನೆ ಬೇಕಿಲ್ಲ. ಎಲ್ಲಿ ಇಳಿಯುತ್ತದೆ, ಯಾರ ಕೈಗೆ ಸಿಗುತ್ತದೆ, ಚಿತ್ರ ನಮ್ಮ ಕೈಸೇರುತ್ತದೆಯೇ ಎಂಬ ಪ್ರಶ್ನೆಗಳೇ ಈ ವಿದ್ಯೆಯನ್ನು ಬೆಳೆಸಿದವು. ಉಪಕರಣಗಳು, ಲೆಕ್ಕಾಚಾರ, ಕೊನೆಗೆ ಹವ್ಯಾಸಿಗಳ ಪರಸ್ಪರ ಸಹಕಾರ ಕೂಡ ಆ ಹುಡುಕಾಟದಲ್ಲೇ ರೂಪುಗೊಂಡವು ಎಂಬುದು ಈ ಲೇಖನದ ವಾದ.

ಮೊದಲ ಕ್ಯಾಮೆರಾಗಳ ಜೊತೆ ಮನುಷ್ಯರೇ ಮೇಲೇರಿದ್ದರಿಂದ ಈ ಪ್ರಶ್ನೆ ಅವರನ್ನು ಕಾಡಲಿಲ್ಲ. 1858ರಲ್ಲಿ ಪ್ಯಾರಿಸ್ ಬಳಿಯ ಪೆಟಿ-ಬಿಸೆತ್ರ್ ಎಂಬಲ್ಲಿ ನಾದಾರ್ ಎಂದು ಹೆಸರಾದ ಛಾಯಾಗ್ರಾಹಕ ಗಾಸ್ಪಾರ್-ಫೆಲಿಕ್ಸ್ ತೂರ್ನಶೋಂ ಹಗ್ಗ ಕಟ್ಟಿದ ಬಲೂನಿನಲ್ಲಿ ಏರಿದ. ಬಲೂನಿನ ಬಾಯಿಂದ ಹೊರಸೂಸುತ್ತಿದ್ದ ಅನಿಲ ಹಸಿ ಗಾಜಿನ ಫಲಕಗಳ ರಾಸಾಯನಿಕವನ್ನು ಕೆಡಿಸಿ, ಫಲಕಗಳು ಮತ್ತೆ ಮತ್ತೆ ಕಪ್ಪಾದವು. ಬಾಯಿ ಮುಚ್ಚಿದ ಮೇಲೆ ಚಿತ್ರ ಮೂಡಿತು. ಆ ಚಿತ್ರ ಇಂದು ಉಳಿದಿಲ್ಲ. ಉಳಿದಿರುವುದರಲ್ಲಿ ಹಳೆಯದೆಂದರೆ 1860ರ ಅಕ್ಟೋಬರ್ 13ರಂದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಾಸ್ಟನ್ ನಗರದ ಮೇಲೆ ತೆಗೆದದ್ದು. ಬಂದರು, ಬೀದಿ, ಮಾಳಿಗೆಗಳೆಲ್ಲ ಅದರಲ್ಲಿ ಈಗಲೂ ಸ್ಪಷ್ಟವಾಗಿ ಕಾಣುತ್ತವೆ.

ಮನುಷ್ಯರಿಲ್ಲದ ಬಲೂನಿನ ಕಾಲ 1892ರಲ್ಲಿ ಶುರುವಾಯಿತು. ಪ್ಯಾರಿಸಿನ ಗುಸ್ತಾವ್ ಎರ್ಮಿತ್ ಮತ್ತು ಜಾರ್ಜ್ ಬೆಸಾನ್ಸೋಂ ಸಣ್ಣ ಬಲೂನುಗಳಿಗೆ ಒತ್ತಡ, ಉಷ್ಣತೆಗಳನ್ನು ತಾವಾಗಿ ಗೀಚಿಡುವ ಯಂತ್ರಗಳನ್ನು ಕಟ್ಟಿ ಗಾಳಿಗೆ ಬಿಟ್ಟರು. 1893ರ ಮಾರ್ಚ್ 21ರಂದು ಬಿಟ್ಟದ್ದು ಸುಮಾರು 16 ಕಿ.ಮೀ. ಮುಟ್ಟಿತು. ಯಂತ್ರದ ಸುರುಳಿಯ ಮೇಲಿನ ಗೆರೆ ಕೈಗೆ ಸಿಕ್ಕರಷ್ಟೇ ಹಾರಾಟ ಸಾರ್ಥಕ. ಅದಕ್ಕಾಗಿ ಅವರು ಬಲೂನಿನ ಜೊತೆ ಒಂದು ಓಲೆ ಕಟ್ಟುತ್ತಿದ್ದರು: ಸಿಕ್ಕವರು ದಯವಿಟ್ಟು ಹಿಂತಿರುಗಿಸಬೇಕು, ಎಲ್ಲಿ ಯಾವಾಗ ಸಿಕ್ಕಿತೆಂದು ತಿಳಿಸಬೇಕು. ಒಬ್ಬ ಅಪರಿಚಿತ ರೈತನ ಸೌಜನ್ಯ ಹೀಗೆ ವಾತಾವರಣ ವಿಜ್ಞಾನದ ವಿಧಾನದ ಒಂದು ಭಾಗವಾಯಿತು. ಸಂಶೋಧನೆಯ ಇತಿಹಾಸಗಳು ಆ ರೈತರನ್ನು ಹೆಸರಿಸುವುದಿಲ್ಲ. ಅವರಿಲ್ಲದಿದ್ದರೆ 1902ರಲ್ಲಿ ಲಿಯೋಂ ತೆಸೆರಾಂ ದ ಬೋರ್ ಸ್ತರಗೋಳವನ್ನು ಕಂಡುಹಿಡಿಯುತ್ತಿರಲಿಲ್ಲ. ತ್ರಾಪ್ ಎಂಬಲ್ಲಿಂದ ಆತ ಹಾರಿಸಿದ ಇನ್ನೂರಕ್ಕೂ ಹೆಚ್ಚು ಬಲೂನುಗಳಿಂದ ಮರಳಿ ಬಂದ ಗೆರೆಗಳೇ ಆ ಆವಿಷ್ಕಾರಕ್ಕೆ ಆಧಾರ.

ಅದೇ ಹೊತ್ತಿಗೆ ಬರ್ಲಿನ್ನಿನ ರಿಚರ್ಡ್ ಆಸ್‌ಮಾನ್ ಬಾಯಿ ಕಟ್ಟಿದ ರಬ್ಬರ್ ಬಲೂನನ್ನು ಬಳಕೆಗೆ ತಂದ. ಇಂದಿನ ಹವ್ಯಾಸಿಯ ಬಲೂನು ಮೂಲತಃ ಅದೇ. ಕಾಗದದ ತೆರೆದ ಬಲೂನು ಮೇಲೆ ಹೋಗಿ, ಅನಿಲ ಸೋರುತ್ತ, ಗಂಟೆಗಟ್ಟಲೆ ತೇಲಿ ಎಲ್ಲಿಯೋ ಬೀಳುತ್ತಿತ್ತು. ರಬ್ಬರ್ ಬಲೂನು ಹಿಗ್ಗುತ್ತ ಹೋಗಿ ಒಂದು ಎತ್ತರದಲ್ಲಿ ಒಡೆಯುತ್ತದೆ, ಯಂತ್ರ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಒಡೆಯುವುದು ಇಲ್ಲಿ ದೋಷವಲ್ಲ, ವಿನ್ಯಾಸವೇ ಹಾಗೆ. ಹಾರಾಟದ ಅವಧಿಗೆ ಮಿತಿ ಬಂತು, ಇಳಿಯುವ ಜಾಗ ಹತ್ತಿರವಾಯಿತು.

ಮನುಷ್ಯರಿಲ್ಲದ ಬಲೂನಿಗೆ ಕ್ಯಾಮೆರಾ ಕೂಡ ಅಳೆಯುವ ಸಾಧನವಾಗಿಯೇ ಬಂತು. 1897ರಲ್ಲಿ ಲೂಯಿ ಕಾಯ್ತೆ ಬಲೂನಿನಿಂದ ನೆಲದ ಚಿತ್ರವನ್ನು ತಾನಾಗಿ ತೆಗೆಯುವ ಯಂತ್ರವೊಂದನ್ನು ರಚಿಸಿದ. ಚಿತ್ರದಲ್ಲಿ ಕಂಡ ಎರಡು ಗುರುತುಗಳ ನಿಜವಾದ ಅಂತರ ಗೊತ್ತಿದ್ದರೆ, ಮಸೂರದ ನಾಭಿದೂರದಿಂದ ಎತ್ತರವನ್ನು ಲೆಕ್ಕ ಹಾಕಿ ವಾಯುಭಾರಮಾಪಕ ಹೇಳುವ ಎತ್ತರ ಸರಿಯೇ ಎಂದು ತಾಳೆ ನೋಡಬಹುದಿತ್ತು.

ಭಾರತದಲ್ಲಿ ಈ ಕೆಲಸದ ನೆಲೆ ಆಗ್ರಾದ ಮೇಲ್ವಾಯು ವೀಕ್ಷಣಾಲಯ. 1925ರಿಂದ 1928ರವರೆಗೆ ಅಲ್ಲಿಂದ ಹಾರಿದ ಬಲೂನುಗಳ ದಾಖಲೆಗಳನ್ನು ಕೆ. ಆರ್. ರಾಮನಾಥನ್ ವಿಶ್ಲೇಷಿಸಿದರು. ಸ್ತರಗೋಳದ ತಳ ಉಷ್ಣವಲಯದಲ್ಲಿ ಹೆಚ್ಚು ಎತ್ತರದಲ್ಲೂ ಹೆಚ್ಚು ತಣ್ಣಗೂ ಇದೆ ಎಂಬ ಚಿತ್ರವನ್ನು 1929ರಲ್ಲಿ ಜಗತ್ತಿನ ಮುಂದಿಟ್ಟವರು ಅವರೇ. ನಮ್ಮ ನೆತ್ತಿಯ ಮೇಲೆ 16-17 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಹೋಗುತ್ತದೆ. ದಕ್ಷಿಣ ಭಾರತದಿಂದ ಕ್ಯಾಮೆರಾ ಕಳಿಸುವವರು ಯುರೋಪಿನ ಕೈಪಿಡಿಗಳ ಅಂಕಿಗಳನ್ನು ಹಾಗೆಯೇ ನಂಬಬಾರದು ಎನ್ನುವುದಕ್ಕೆ ಇದೊಂದೇ ಸಾಕು.

1930ರ ಹೊತ್ತಿಗೆ ಫ್ರಾನ್ಸಿನ ರೊಬೆರ್ ಬ್ಯೂರೋ ಮತ್ತು ರಷ್ಯಾದ ಪಾವೆಲ್ ಮೊಲ್ಚಾನೊವ್ ರೇಡಿಯೊಸಾಂಡ್ ರೂಪಿಸಿದರು. ಅಲ್ಲಿಗೆ ಹವಾಮಾನ ತಜ್ಞರಿಗೆ ಪೆಟ್ಟಿಗೆಯ ಹಂಗು ತಪ್ಪಿತು, ಅಂಕಿಗಳು ರೇಡಿಯೊದಲ್ಲೇ ಬಂದವು. ಚಿತ್ರಕ್ಕೆ ಆ ಭಾಗ್ಯ ಇನ್ನೂ ಇರಲಿಲ್ಲ. ಫಿಲ್ಮ್ ನೆಲಕ್ಕೆ ಬಂದು, ತೊಳೆದು, ಒಣಗಿದ ಮೇಲಷ್ಟೇ ಚಿತ್ರ. 1935ರ ನವೆಂಬರ್ 11ರಂದು ಅಮೆರಿಕದ ದಕ್ಷಿಣ ಡಕೋಟಾದಿಂದ ಏರಿದ ಎಕ್ಸ್‌ಪ್ಲೋರರ್-2 ಬಲೂನಿನಲ್ಲಿ ಆಲ್ಬರ್ಟ್ ಸ್ಟೀವನ್ಸ್ ಮತ್ತು ಆರ್ವಿಲ್ ಆಂಡರ್ಸನ್ 22,066 ಮೀಟರ್ ತಲುಪಿದರು. ಭೂಮಿಯ ಬಾಗು ಕಾಣುವ ಅವರ ಚಿತ್ರ ಜಗತ್ತನ್ನು ಬೆರಗುಗೊಳಿಸಿತು. ಹಿಂದಿನ ವರ್ಷದ ಜುಲೈನಲ್ಲಿ ಮೊದಲ ಎಕ್ಸ್‌ಪ್ಲೋರರ್ ಹರಿದು, ಅದರಲ್ಲಿದ್ದವರು ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ್ದರು.

ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಕಠೋರ ಸಾಕ್ಷ್ಯ ಕೊಟ್ಟದ್ದು ಶೀತಲ ಸಮರ. 1956ರ ಜನವರಿ 10ರಿಂದ ಫೆಬ್ರವರಿ 6ರವರೆಗೆ ಅಮೆರಿಕದ ವಾಯುಪಡೆ ಜೆನೆಟ್ರಿಕ್ಸ್ ಎಂಬ ಗುಪ್ತ ಯೋಜನೆಯಲ್ಲಿ 516 ಕ್ಯಾಮೆರಾ ಬಲೂನುಗಳನ್ನು ಯುರೋಪ್ ಮತ್ತು ಟರ್ಕಿಯಿಂದ ಸೋವಿಯತ್ ನೆಲದ ಮೇಲೆ ತೇಲಿಬಿಟ್ಟಿತು. ಕೆಳಗಿಳಿಯುವ ಪೆಟ್ಟಿಗೆಯನ್ನು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯಲು ವಿಮಾನಗಳು ಕಾದಿದ್ದವು. ಕೈಗೆ ಬಂದದ್ದು 54, ಚಿತ್ರ ಕೊಟ್ಟದ್ದು 31. ಒಂದು ಬಲಾಢ್ಯ ದೇಶದ ಹಣ, ವಿಮಾನ, ಸೈನಿಕರ ಬಲ ಎಲ್ಲ ಸೇರಿದರೂ ಹತ್ತರಲ್ಲಿ ಒಂಬತ್ತು ಕಳೆದುಹೋದವು. ಐವತ್ತೇ ವರ್ಷಗಳಲ್ಲಿ ಶಾಲೆಯ ಮಕ್ಕಳು ಬಿಟ್ಟ ಬಲೂನು ಮರಳಿ ಸಿಗುವಂತಾದದ್ದು ಹೇಗೆ ಎಂಬ ಪ್ರಶ್ನೆ ನನಗೆ ಈ ಚರಿತ್ರೆಯಲ್ಲೇ ಅತ್ಯಂತ ಮಹತ್ವದ್ದಾಗಿ ಕಾಣುತ್ತದೆ.

ಉತ್ತರದ ಮೊದಲ ಎಳೆ ಹ್ಯಾಮ್ ರೇಡಿಯೊದವರ ಕೈಯಲ್ಲಿದೆ. ಫಿನ್ಲೆಂಡಿನ ಹವ್ಯಾಸಿಗಳು 1967ರಲ್ಲೇ ಇಲ್ಮಾರಿ ಯೋಜನೆಯಲ್ಲಿ ರೇಡಿಯೊ ಬಲೂನುಗಳನ್ನು ಹಾರಿಸಿದ್ದರು. 1987ರ ಆಗಸ್ಟ್ 15ರಂದು ಅಮೆರಿಕದ ಓಹಾಯೊದ ಫಿಂಡ್ಲೆಯಲ್ಲಿ ಬಿಲ್ ಬ್ರೌನ್ ಮತ್ತು ಸಂಗಡಿಗರು ಬಿಟ್ಟ ಬಲೂನಿನಿಂದ ಈ ಹವ್ಯಾಸ ಅಲ್ಲಿ ಬೇರೂರಿತು. ಸಂಕೇತ ಬರುವ ದಿಕ್ಕನ್ನು ಆಂಟೆನಾ ತಿರುಗಿಸಿ ಗುರುತಿಸುತ್ತ, ಕಾರಿನಲ್ಲಿ ಬೆನ್ನಟ್ಟಿ ಹೋಗುವುದು ಅವರ ಕ್ರಮ. ಕೆಲವರು ನೇರ ಟಿವಿ ಚಿತ್ರವನ್ನೂ ಕೆಳಗಿಳಿಸಿದರು. ಅದಕ್ಕೆ ಹೆಚ್ಚು ವಿದ್ಯುತ್ತು, ಒಳ್ಳೆಯ ಆಂಟೆನಾ ಎರಡೂ ಬೇಕಿದ್ದವು.

ಎರಡನೆಯ ಎಳೆ ಜಿಪಿಎಸ್. ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿತು. ನೂರು ಮೀಟರಿನ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಕಬ್ಬಿನ ಗದ್ದೆಯಲ್ಲೋ ಕಾಡಿನಲ್ಲೋ ಪೆಟ್ಟಿಗೆ ಹುಡುಕುವವರಿಗೆ ಈ ವ್ಯತ್ಯಾಸ ಏನೆಂದು ಬಿಡಿಸಿ ಹೇಳಬೇಕಿಲ್ಲ. ಜಿಪಿಎಸ್ಸಿಗೂ ಒಂದು ತೊಡಕಿತ್ತು. ಕ್ಷಿಪಣಿಗಳಲ್ಲಿ ಬಳಕೆಯಾಗದಿರಲೆಂದು 18 ಕಿ.ಮೀ. ಎತ್ತರ ಮತ್ತು ಗಂಟೆಗೆ ಸುಮಾರು 1,850 ಕಿ.ಮೀ. ವೇಗ ಎರಡನ್ನೂ ದಾಟಿದಾಗ ಉಪಕರಣ ನಿಲ್ಲಬೇಕೆಂಬ ನಿರ್ಬಂಧವಿತ್ತು. ಕೆಲವು ತಯಾರಕರು ಎತ್ತರ ಒಂದನ್ನೇ ದಾಟಿದರೂ ನಿಲ್ಲುವಂತೆ ಮಾಡಿದ್ದರು. ಅಂಥ ಜಿಪಿಎಸ್ ಹೊತ್ತ ಬಲೂನು ಹಾರಾಟದ ಮುಖ್ಯ ಭಾಗದಲ್ಲೇ ಮೂಕವಾಗುತ್ತಿತ್ತು. ಯಾವ ಚಿಪ್ ಕೊಳ್ಳಬೇಕು, ಅದನ್ನು ಯಾವ ವಿಧಾನದಲ್ಲಿ ನಡೆಸಬೇಕು ಎಂಬುದು ಹವ್ಯಾಸಿಗಳು ಒಬ್ಬರಿಂದೊಬ್ಬರು ಕಲಿತ ವಿದ್ಯೆ.

ಮೂರನೆಯದು ಮುನ್ಸೂಚನೆ, ಯೋಜನೆಯ ತಿರುಳು ಇರುವುದು ಇಲ್ಲೇ. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಲ್ಲಿಗೆ ತಲುಪುವ ಹೊತ್ತಿಗೆ ಅನಿಲ ಸುಮಾರು 65 ಪಟ್ಟು ಹಿಗ್ಗಿರುತ್ತದೆ. ನೆಲದಲ್ಲಿ ಎರಡು ಮೀಟರ್ ಅಡ್ಡಗಲವಿದ್ದ 1,200 ಗ್ರಾಂ ತೂಕದ ಬಲೂನು ಎಂಟೂವರೆ ಮೀಟರ್ ದಾಟಿ ಒಡೆಯುತ್ತದೆ. ಒಂದು ಘನ ಮೀಟರ್ ಹೀಲಿಯಂ ಒಂದು ಕಿಲೋಗಿಂತ ತುಸು ಹೆಚ್ಚು ಎತ್ತಬಲ್ಲದು. ಹೆಚ್ಚು ತುಂಬಿದರೆ ಬಲೂನು ಬೇಗ ಏರಿ, ಕೆಳಗೇ ಒಡೆದು, ಹತ್ತಿರದಲ್ಲೇ ಇಳಿಯುತ್ತದೆ. ಕಡಿಮೆ ತುಂಬಿದರೆ ನಿಧಾನವಾಗಿ ಏರುತ್ತ ಗಾಳಿಯ ಪಾಲಾಗಿ ಬಹುದೂರ ಸಾಗುತ್ತದೆ. ಲೆಕ್ಕ ತೀರಾ ತಪ್ಪಿದರೆ ಒಡೆಯದೆ ತೇಲುತ್ತಲೇ ಉಳಿಯುವುದೂ ಉಂಟು. ಸೆಕೆಂಡಿಗೆ ಐದು ಮೀಟರ್ ಏರುವಂತೆ ತುಂಬುವುದು ಸಾಮಾನ್ಯ ರೂಢಿ. ಆ ವೇಗದಲ್ಲಿ 30 ಕಿ.ಮೀ. ಏರಲು ನೂರು ನಿಮಿಷ ಬೇಕು. ಇಳಿಯುವಾಗ ತೆಳು ಗಾಳಿಯಲ್ಲಿ ಮೊದಲು ಭರದಿಂದ ಬೀಳುವ ಪೆಟ್ಟಿಗೆ, ಗಾಳಿ ದಟ್ಟವಾದಂತೆ ನಿಧಾನಗೊಳ್ಳುತ್ತದೆ. ಏರುವ ವೇಗ, ಒಡೆಯುವ ಎತ್ತರ, ಇಳಿಯುವ ವೇಗ ಈ ಮೂರನ್ನು ಬೇರೆಬೇರೆ ಎತ್ತರದ ಗಾಳಿಯ ಮುನ್ಸೂಚನೆಗೆ ಹೊಂದಿಸಿದರೆ ಇಳಿಯುವ ಜಾಗವನ್ನು ಹಿಂದಿನ ದಿನವೇ ಅಂದಾಜು ಮಾಡಬಹುದು. 2006ರ ಸೆಪ್ಟೆಂಬರಿನಲ್ಲಿ ನೋವಾ-1 ಬಲೂನನ್ನು 32 ಕಿ.ಮೀ. ಎತ್ತರಕ್ಕೆ ಕಳಿಸಿದ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡ ಈ ಲೆಕ್ಕವನ್ನು ಯಾರು ಬೇಕಾದರೂ ಬಳಸುವಂತೆ ಅಂತರ್ಜಾಲದಲ್ಲಿಟ್ಟಿತು. ಹವ್ಯಾಸಕ್ಕೆ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ ಎಂದೇ ನನ್ನ ತೀರ್ಮಾನ. ದಿಕ್ಕು ಒಳ್ಳೆಯದಿಲ್ಲ ಎಂದು ಗೊತ್ತಾದ ದಿನ ಹಾರಿಸದೆ ಕಾಯುವ ವಿವೇಕ ಇದರಿಂದ ಸಾಧ್ಯವಾಯಿತು.

2009 ಈ ಹವ್ಯಾಸ ಜನಪ್ರಿಯವಾದ ವರ್ಷ. ಕ್ಯಾಟಲೋನಿಯಾದ ಲಾ ಬಿಸ್ಬಾಲ್ ಎಂಬ ಊರಿನ ಶಾಲೆಯ ನಾಲ್ವರು ವಿದ್ಯಾರ್ಥಿಗಳ ಬಲೂನು ಫೆಬ್ರವರಿಯಲ್ಲಿ 30 ಕಿ.ಮೀ. ಮುಟ್ಟಿತು. ಸೆಪ್ಟೆಂಬರಿನಲ್ಲಿ ಎಂಐಟಿಯ ವಿದ್ಯಾರ್ಥಿಗಳು ಸುಮಾರು 150 ಡಾಲರಿನೊಳಗೆ 28 ಕಿ.ಮೀ. ಎತ್ತರದ ಚಿತ್ರ ತಂದರು. ಅಗ್ಗದ ಕ್ಯಾನನ್ ಕ್ಯಾಮೆರಾ ತಾನಾಗಿ ಚಿತ್ರ ತೆಗೆಯುತ್ತಿರುವಂತೆ ಮಾಡಿದ್ದು ಹವ್ಯಾಸಿಗಳೇ ಬರೆದ ಸಿಎಚ್‌ಡಿಕೆ ಎಂಬ ತಂತ್ರಾಂಶ. ಚಳಿಗೆ ಕೈ ಬೆಚ್ಚಗಿಡುವ ಪೊಟ್ಟಣಗಳು ಬ್ಯಾಟರಿಯನ್ನು ಕಾಪಾಡಿದವು. ಸ್ಥಳ ತಿಳಿಸಲು ಜಿಪಿಎಸ್ ಇದ್ದ ಮೊಬೈಲ್ ಫೋನ್ ಒಂದನ್ನೇ ನಂಬಿದ್ದರು, ಅದು ಕೈಕೊಡಲಿಲ್ಲ. ಅವರನ್ನು ಅನುಕರಿಸಿದವರಿಗೆಲ್ಲ ಆ ಭಾಗ್ಯವಿರಲಿಲ್ಲ. ಫೋನಿಗೆ ಎತ್ತರದಲ್ಲಿ ಸಿಗ್ನಲ್ ಇಲ್ಲ, ಇಳಿದ ಹಳ್ಳಿಯಲ್ಲಿ ಟವರ್ ಇಲ್ಲದಿದ್ದರೆ ಎಲ್ಲವೂ ಮುಗಿಯಿತು.

ಬ್ರಿಟನ್ನಿನಲ್ಲಿ ಹ್ಯಾಮ್ ರೇಡಿಯೊವನ್ನು ಗಾಳಿಯಲ್ಲಿ ಬಳಸಲು ಕಾನೂನು ಬಿಡುತ್ತಿರಲಿಲ್ಲ. ಅಲ್ಲಿನವರು ಪರವಾನಗಿ ಬೇಡದ 434 ಮೆಗಾಹರ್ಟ್ಸ್ ತರಂಗದಲ್ಲಿ ಹತ್ತೇ ಮಿಲಿವಾಟ್ ಶಕ್ತಿಯಿಂದ ಕೆಲಸ ಸಾಧಿಸಿದರು. 30 ಕಿ.ಮೀ. ಎತ್ತರದಿಂದ ದಿಗಂತ 600 ಕಿ.ಮೀ. ಆಚೆ ಇರುವುದರಿಂದ ಆ ಕ್ಷೀಣ ದನಿ ನೂರಾರು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಬೇರೆಬೇರೆ ಊರುಗಳಲ್ಲಿ ಕೂತು ಕೇಳಿದವರೆಲ್ಲ ತಮಗೆ ಸಿಕ್ಕ ತುಣುಕುಗಳನ್ನು ಒಂದೆಡೆ ಸೇರಿಸುವ ವ್ಯವಸ್ಥೆ ಬೆಳೆಯಿತು. ಫಿಲಿಪ್ ಹೆರಾನ್ ರೂಪಿಸಿದ ಎಸ್‌ಎಸ್‌ಡಿವಿ ವಿಧಾನ ಚಿತ್ರವನ್ನು ಸಣ್ಣ ಪೊಟ್ಟಣಗಳಾಗಿ ಒಡೆದು ಕಳಿಸುತ್ತದೆ. ಒಂದು ಪೊಟ್ಟಣ ಕಳೆದರೆ ಚಿತ್ರದಲ್ಲಿ ಒಂದು ಪಟ್ಟಿ ಖಾಲಿ, ಉಳಿದದ್ದು ಸುರಕ್ಷಿತ. ನಿಮ್ಮಲ್ಲಿ ತಪ್ಪಿದ ಪಟ್ಟಿ ಇನ್ನೊಬ್ಬರಲ್ಲಿ ಇರುತ್ತದೆ. 2012ರ ಜುಲೈ 14ರಂದು ಡೇವ್ ಏಕರ್‌ಮನ್ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಮತ್ತು ವೆಬ್‌ಕ್ಯಾಮ್ ಹೊತ್ತ ಬಲೂನನ್ನು 39,994 ಮೀಟರ್ ಎತ್ತರಕ್ಕೆ ಕಳಿಸಿ, ಹಾರುತ್ತಿದ್ದಾಗಲೇ ಚಿತ್ರಗಳನ್ನು ಹೀಗೆ ಇಳಿಸಿಕೊಂಡರು. ಮೊಲ್ಚಾನೊವ್ ಅಂಕಿಗಳಿಗೆ ದೊರಕಿಸಿಕೊಟ್ಟ ಬಿಡುಗಡೆ ಎಂಟು ದಶಕಗಳ ನಂತರ ಹಗುರ ಸಲಕರಣೆಯ ಹವ್ಯಾಸಿ ಚಿತ್ರಕ್ಕೂ ದೊರೆಯಿತು.

ಕರ್ನಾಟಕಕ್ಕೆ ಈ ಚರಿತ್ರೆಯೊಡನೆ ಹಳೆಯ ನಂಟಿದೆ. 1939-40ರ ಚಳಿಗಾಲದಲ್ಲಿ ರಾಬರ್ಟ್ ಮಿಲಿಕನ್ ತಂಡದ ನೆಹರ್ ಮತ್ತು ಪಿಕರಿಂಗ್ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಬಲೂನು ಹಾರಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಕಾಂತೀಯ ಸಮಭಾಜಕಕ್ಕೆ ಹತ್ತಿರವಿದ್ದದ್ದೇ ಅದರ ಆಯ್ಕೆಗೆ ಕಾರಣ. ಬಹುಕಾಲದ ನಂತರ ಭಾರತೀಯ ಖಭೌತ ಸಂಸ್ಥೆಯ ಜಯಂತ್ ಮೂರ್ತಿ ಮತ್ತು ಸಂಗಡಿಗರು ಹೊಸಕೋಟೆಯಲ್ಲಿರುವ ಸಂಸ್ಥೆಯ ಕ್ರೆಸ್ಟ್ ಆವರಣದಿಂದ ರಬ್ಬರ್ ಬಲೂನುಗಳಲ್ಲಿ ಹಗುರ ಉಪಕರಣಗಳನ್ನು ಕಳಿಸುವ ಕಾರ್ಯಕ್ರಮ ಕಟ್ಟಿದರು. ಅದರ ವಿವರ 2013ರ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದಿದೆ. ಸುತ್ತ ವಿಮಾನ ನಿಲ್ದಾಣಗಳಿರುವ ಇಂಥ ಜಾಗದಿಂದ ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆಯಿಲ್ಲದೆ ಯಾರೂ ಏನನ್ನೂ ಹಾರಿಸಬಾರದು. ಹಗುರ ಬಲೂನಿಗೆ ಹಲವು ದೇಶಗಳ ನಿಯಮಗಳು ರಿಯಾಯಿತಿ ಕೊಟ್ಟಿವೆ. ಅಮೆರಿಕದಲ್ಲಿ ಅದರ ಗೆರೆ ಒಂದು ಪೆಟ್ಟಿಗೆಗೆ ನಾಲ್ಕು ಪೌಂಡಿನ ಆಸುಪಾಸು. ಆ ರಿಯಾಯಿತಿಯನ್ನು ಇಲ್ಲಿಗೆ ಎಳೆದು ತಂದುಕೊಳ್ಳುವುದು ಅಪಾಯಕರ.

ಇಲ್ಲಿನ ಗಾಳಿಗೂ ತನ್ನದೇ ಸ್ವಭಾವವಿದೆ. ಮುಂಗಾರಿನಲ್ಲಿ ನೆಲದಿಂದ ಐದಾರು ಕಿಲೋಮೀಟರಿನವರೆಗೆ ಪಡುವಣ ಗಾಳಿ ಬಲೂನನ್ನು ಕೋಲಾರದತ್ತ ತಳ್ಳುತ್ತದೆ. ಅದಕ್ಕಿಂತ ಮೇಲೆ ಮೂಡಣ ಗಾಳಿ. 14ರಿಂದ 16 ಕಿ.ಮೀ. ಮಟ್ಟದಲ್ಲಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಮೂಡಣ ಜೆಟ್ ಪ್ರವಾಹ ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ವೇಗದಲ್ಲಿ ಹರಿಯುತ್ತದೆ. ಸೆಕೆಂಡಿಗೆ ಐದು ಮೀಟರ್ ಏರುವ ಬಲೂನು 12ರಿಂದ 16 ಕಿ.ಮೀ.ವರೆಗಿನ ಪದರವನ್ನು ದಾಟಲು 800 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಪಶ್ಚಿಮಕ್ಕೆ 24 ಕಿ.ಮೀ. ಸರಿದಿರುತ್ತದೆ, ಎಂದರೆ ಹೊಸಕೋಟೆಯಿಂದ ಬೆಂಗಳೂರು ನಗರದ ನಡುವಿನವರೆಗೆ. ಏರುವ ವೇಗವನ್ನು ಸೆಕೆಂಡಿಗೆ ಆರು ಮೀಟರಿಗೆ ಹೆಚ್ಚಿಸಿದರೆ ಈ ಪದರದ ಪಾಲು 20 ಕಿ.ಮೀ.ಗೆ ಇಳಿಯುತ್ತದೆ. ಇಳಿಯುವಾಗ ಅದೇ ಪದರವನ್ನು ಮತ್ತೆ ದಾಟಬೇಕು, ಈ ಸಲ ಬಹಳ ಬೇಗ. ಕೆಳಗಿನ ಪಡುವಣ ಗಾಳಿ ಪೆಟ್ಟಿಗೆಯನ್ನು ಎಷ್ಟು ದೂರ ಹಿಂದಕ್ಕೆ ತರುತ್ತದೆ ಎಂಬುದು ಪ್ಯಾರಾಚೂಟಿನ ಅಳತೆಯ ಮೇಲೆ ನಿಂತಿದೆ.